ಹಳೇ ಕಾರಿನ ಫಾರಿನ್ ಇಂಜಿನ್ ಕೆಟ್ಟರೆ: ಅಳತೆಯಿಂದ ಆರ್‌ಸಿ ತನಕ, ಬೆಳಗಾವಿಯಲ್ಲಿ ಮಾಡಿಸಿದ ಕೆಲಸದ ಪೂರ್ತಿ ವಿವರ

ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಗೋವಾದಿಂದ ವಾಪಸ್ ಬರುವಾಗ ಚೋರ್ಲಾ ಘಾಟ್‌ನಲ್ಲಿ ನಮ್ಮ ಕಾಂಟೆಸ್ಸಾ ನಿಂತುಹೋಯಿತು. ಅಪ್ಪ ಕೊಂಡ ಕಾರು ಅದು. ಕೇರಿ ದಾಟಿ ಏರು ಶುರುವಾದಾಗಲೇ ಟೆಂಪರೇಚರ್ ಮುಳ್ಳು ಮೇಲೆ ಹೋಗಿತ್ತು. ಕಣಕುಂಬಿ ಮುಟ್ಟಿದ ಮೇಲೆ ನಿಲ್ಲಿಸೋಣ ಅಂತ ಹಾಗೇ ಓಡಿಸಿದೆ. ರೇಡಿಯೇಟರ್ ಪೈಪ್ ಒಡೆದು, ನೀರೆಲ್ಲ ಚೆಲ್ಲಿ, ಬಾನೆಟ್‌ನಿಂದ ಹಬೆ ಎದ್ದ ಮೇಲೆ ಕಾರು ತಾನೇ ನಿಂತಿತು. ಪಿಕಪ್ ಗಾಡಿಯಲ್ಲಿ ಹಾಕಿಕೊಂಡು ಜಾಂಬೋಟಿ ಮೇಲೆ ಬೆಳಗಾವಿಗೆ ತಂದೆವು.

ಮೊದಲು ತೋರಿಸಿದ ಗ್ಯಾರೇಜಿನವರು ಬಾನೆಟ್ ಎತ್ತಿ ಐದು ನಿಮಿಷ ನೋಡಿದರು. "ಇಂಜಿನ್ ಖತಂ ಆಗೇತ್ರಿ, ಮುಂಬೈದಿಂದ ಬ್ಯಾರೆ ತರಸ್ರಿ" ಅಂದರು. ಅಡ್ವಾನ್ಸ್ ಕೊಡೋಕೆ ನಾನು ತಯಾರಾಗಿದ್ದೆ. ಆದರೆ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನ ಒಬ್ಬ ಹಳೇ ಮಿಸ್ತ್ರಿ ಕಾಕಾ ತಡೆದರು. "ಅಳತಿ ತಗೊಳ್ದ ಹೆಂಗ್ ಹೇಳ್ತಾರ್ರಿ? ಮೊದಲ ಬಿಚ್ಚೋಣು, ಅಳಿಯೋಣು. ರೊಕ್ಕದ ಮಾತು ಆಮ್ಯಾಲ." ಆ ಇಂಜಿನ್ ಇವತ್ತಿಗೂ ಅದೇ ಬ್ಲಾಕ್ (ಸಿಲಿಂಡರ್‌ಗಳಿರುವ ಎರಕದ ಮುಖ್ಯ ಭಾಗ) ಮೇಲೆ ಓಡುತ್ತಿದೆ. ಅವರಿಂದ ಕಲಿತಿದ್ದನ್ನು, ಆಮೇಲೆ ಗೆಳೆಯರ ಎರಡು ಕಾರುಗಳ ಕೆಲಸದಲ್ಲಿ ಕಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ನಿಮ್ಮ ಕಾರಿನಲ್ಲಿ ಇರುವುದು ಯಾವ ಇಂಜಿನ್?

ನಮ್ಮ ಹಳೇ ಕಾರುಗಳಲ್ಲಿ ಹೊರದೇಶದ ಇಂಜಿನ್ ಇದ್ದದ್ದು ಕಡಿಮೆಯೇನಲ್ಲ. ಕಾಂಟೆಸ್ಸಾ ಕ್ಲಾಸಿಕ್‌ನಲ್ಲಿ ಜಪಾನಿನ ಇಸುಜು 1.8 ಪೆಟ್ರೋಲ್ ಇಂಜಿನ್, 1817 ಸಿಸಿ. ಅದಕ್ಕಿಂತ ಹಳೇ ಕಾಂಟೆಸ್ಸಾಗಳಲ್ಲಿ ಅಂಬಾಸಿಡರ್‌ನ 1489 ಸಿಸಿ ಇಂಜಿನ್, ಬ್ರಿಟನ್ನಿನ ಬಿಎಂಸಿ ಕಂಪನಿಯದು. ಪ್ರೀಮಿಯರ್ 118 ಎನ್‌ಇಯಲ್ಲಿ ನಿಸ್ಸಾನ್‌ನ 1171 ಸಿಸಿ. ಮಾರುತಿ ಝೆನ್ ಡೀಸೆಲ್‌ನಲ್ಲಿ ಫ್ರಾನ್ಸಿನ ಪೂಜೋ 1527 ಸಿಸಿ. ಇದು ಗೊತ್ತಿದ್ದರೆ ಸಾಮಾನು ಹುಡುಕುವ ದಾರಿಯೇ ಬದಲಾಗುತ್ತದೆ. ಕಾಂಟೆಸ್ಸಾ 2002ಕ್ಕೆ ನಿಂತುಹೋಯಿತು, ಅದರ ಹೆಸರಿನಲ್ಲಿ ಕೇಳಿದರೆ ಅಂಗಡಿಯವರು ತಲೆ ಆಡಿಸುತ್ತಾರೆ. ಆದರೆ ಅದೇ ಇಸುಜು 1.8 ಇಂಜಿನ್ ಅಂಬಾಸಿಡರ್ 1800 ಐಎಸ್‌ಝೆಡ್‌ನಲ್ಲೂ ಇತ್ತು. ಆ ಹೆಸರಿನಲ್ಲಿ ಕೇಳಿದಾಗ ನನಗೆ ಗ್ಯಾಸ್ಕೆಟ್ ಸೆಟ್ (ಇಂಜಿನ್ ಭಾಗಗಳ ನಡುವೆ ಸೋರದಂತೆ ಕೂರಿಸುವ ತೆಳು ಪದರಗಳು) ಸಿಕ್ಕಿತು.

ಇನ್ನೊಂದು ಮಾತು. ಇಸುಜು ಪೆಟ್ರೋಲ್ ಇಂಜಿನ್ನಿಗೆ ಟೈಮಿಂಗ್ ಚೈನ್ (ಪಿಸ್ಟನ್ ಮತ್ತು ವಾಲ್ವ್‌ಗಳ ಓಟ ಹೊಂದಿಸುವ ಸರಪಳಿ) ಇದೆ, ಪೂಜೋ ಡೀಸೆಲ್‌ಗೆ ಟೈಮಿಂಗ್ ಬೆಲ್ಟ್. ಝೆನ್ ಡೀಸೆಲ್ ಓಡುತ್ತಾ ಓಡುತ್ತಾ ಒಮ್ಮೆಲೇ ಬಂದ್ ಆಗಿದ್ದರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಬೆಲ್ಟ್ ಹರಿದಿದ್ದರೆ ಪ್ರತಿ ಸುತ್ತಿಗೂ ಪಿಸ್ಟನ್ನು ವಾಲ್ವ್‌ಗೆ ಬಡಿಯುತ್ತದೆ.

ಇಂಜಿನ್ ಇಳಿಸುವ ಮುಂಚೆ ಮಾಡಬೇಕಾದ ಪರೀಕ್ಷೆ

ಡಿಪ್‌ಸ್ಟಿಕ್ ಎಳೆದು ನೋಡಿ. ನಮ್ಮದರಲ್ಲಿ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂದಿತ್ತು. ಆಯಿಲ್ ಹಾಕುವ ಮುಚ್ಚಳದ ಒಳಗೆ ಬೆಣ್ಣೆ ಹಚ್ಚಿದ ಹಾಗೆ ಕೆನೆ. ಅಂದರೆ ಆಯಿಲ್‌ನಲ್ಲಿ ನೀರು ಸೇರಿದೆ. ಗ್ಯಾಸ್ಕೆಟ್ ಹೋಗಿರಬೇಕು, ಇಲ್ಲವೇ ಹೆಡ್ (ಬ್ಲಾಕ್ ಮೇಲೆ ಕೂರುವ ಮುಚ್ಚಳದ ಭಾಗ) ಬಿರುಕು ಬಿಟ್ಟಿರಬೇಕು. ಹೀಗಿದ್ದಾಗ ಇಂಜಿನ್ ಸ್ಟಾರ್ಟ್ ಮಾಡಲೇಬೇಡಿ. ನೀರು ಸೇರಿದ ಆಯಿಲ್ ಬೇರಿಂಗ್‌ಗಳನ್ನು ತಿಂದುಹಾಕುತ್ತದೆ.

ಆಮೇಲೆ ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರ್ ಒಳಗೆ ಎಷ್ಟು ಒತ್ತಡ ಏರುತ್ತದೆ ಅಂತ ನೋಡುವುದು. ಇದಕ್ಕೆ ಬೇಕಿರುವುದು ಒಂದು ಗೇಜ್ ಮತ್ತು ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ. ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್ ವೈರ್ ತೆಗೆದಿಡಿ. ಒಬ್ಬರು ಆಕ್ಸಲರೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆಯಲಿ. ಒಂದೊಂದು ಸಿಲಿಂಡರ್‌ಗೂ ಐದಾರು ಸುತ್ತು ಸಾಕು. ಚೆನ್ನಾಗಿರುವ ಪೆಟ್ರೋಲ್ ಇಂಜಿನ್ ಸುಮಾರು 150 ಪಿಎಸ್‌ಐ ತೋರಿಸುತ್ತದೆ. ಸಿಲಿಂಡರ್‌ಗಳ ನಡುವೆ ನೂರಕ್ಕೆ ಹತ್ತು–ಹದಿನೈದರಷ್ಟು ವ್ಯತ್ಯಾಸ ಇದ್ದರೆ ಚಿಂತೆಯಿಲ್ಲ. ನಮ್ಮದರಲ್ಲಿ ಒಂದು ಮತ್ತು ನಾಲ್ಕು 130ರ ಹತ್ತಿರ ಇದ್ದವು, ಎರಡು ಮತ್ತು ಮೂರು 60 ದಾಟಲಿಲ್ಲ. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿವೆ ಅಂದರೆ ಹೆಚ್ಚಾಗಿ ಅವೆರಡರ ನಡುವೆ ಗ್ಯಾಸ್ಕೆಟ್ ಸುಟ್ಟಿದೆ ಅಂತಲೇ ಅರ್ಥ. ಒಂದೇ ಸಿಲಿಂಡರ್ ಕಡಿಮೆ ಇದ್ದರೆ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಗೇಜ್ ಏರಿದರೆ ರಿಂಗ್ ಸವೆದಿವೆ. ಏರದಿದ್ದರೆ ವಾಲ್ವ್ ಕಡೆ ಸೋರಿಕೆ ಇದೆ.

ಇಂಜಿನ್ ತಿರುಗುತ್ತಲೇ ಇಲ್ಲ, ಜಾಮ್ ಆಗಿದೆ ಅನ್ನುವವರು ಗಾಡಿ ಎಳೆಸಿ ಗೇರ್ ಹಾಕಿ ಬಿಡಿಸೋಕೆ ಹೋಗಬೇಡಿ. ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ತೂತಿನಲ್ಲಿ ಡೀಸೆಲ್ ಮತ್ತು ಗೇರ್ ಆಯಿಲ್ ಬೆರೆಸಿ ಬಿಟ್ಟು ಎರಡು ಮೂರು ದಿನ ನೆನೆಸಿ. ಮುಂದಿನ ಪುಲ್ಲಿ ಬೋಲ್ಟ್‌ಗೆ ಉದ್ದ ಬಾರ್ ಹಾಕಿ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ.

ಇಳಿಸುವುದು

ಬ್ಯಾಟರಿ ಮೊದಲು ಬಿಚ್ಚಿ. ನೀರು, ಆಯಿಲ್ ಖಾಲಿ ಮಾಡಿ. ಬಾನೆಟ್ ಕೀಲಿನ ಸುತ್ತ ಮಾರ್ಕರ್‌ನಿಂದ ಗೆರೆ ಹಾಕಿ ತೆಗೆಯಿರಿ, ಇಲ್ಲದಿದ್ದರೆ ವಾಪಸ್ ಕೂರಿಸುವಾಗ ಸಂದು ಸರಿ ಬರುವುದಿಲ್ಲ. ರೇಡಿಯೇಟರ್ ಹೊರಗಿಡಿ. ಪ್ರತಿ ವೈರಿಗೂ ಪ್ರತಿ ಪೈಪಿಗೂ ಮಾಸ್ಕಿಂಗ್ ಟೇಪ್ ಅಂಟಿಸಿ ಹೆಸರು ಬರೆಯಿರಿ, ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ನಾನು ಫೋಟೋ ಮಾತ್ರ ತೆಗೆದಿದ್ದೆ. ಕಾರ್ಬ್ಯುರೇಟರ್‌ನ ವ್ಯಾಕ್ಯೂಮ್ ಪೈಪ್‌ಗಳನ್ನು ಹೊಂದಿಸೋಕೆ ಒಂದು ಇಡೀ ಭಾನುವಾರ ಹೋಯಿತು. ಸೈಲೆನ್ಸರ್ ಮ್ಯಾನಿಫೋಲ್ಡ್ ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಆಯಿಲ್ ಹೊಡೆದಿಡಿ.

ಎತ್ತುವಾಗ ಚೈನ್ ಪುಲ್ಲಿ ಗಟ್ಟಿ ತೊಲೆಗೆ ಕಟ್ಟಿರಬೇಕು. ಇಂಜಿನ್ ನೂರು ಕಿಲೋಗಿಂತ ಜಾಸ್ತಿ ತೂಗುತ್ತದೆ. ನೇತಾಡುವ ಇಂಜಿನ್ ಕೆಳಗೆ ಕೈ ಹಾಕಬೇಡಿ, ಒಂದು ನಟ್ಟು ಬಿದ್ದರೂ ಸರಿ. ಗೇರ್‌ಬಾಕ್ಸ್ ಕಾರಿನಲ್ಲೇ ಉಳಿದರೆ ಅದರ ಕೆಳಗೆ ಜಾಕ್ ಕೊಡಿ.

ಬಿಚ್ಚಿ ಅಳೆಯುವುದು: ಇಲ್ಲಿ ಅವಸರ ಬೇಡ

ಹೆಡ್ ಬೋಲ್ಟ್‌ಗಳನ್ನು ಇಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಸಡಿಲಿಸಬೇಕು. ಹೊರಗಿನಿಂದ ಒಳಕ್ಕೆ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ. ಒಂದು ಕಡೆಯಿಂದ ಪೂರ್ತಿ ಬಿಚ್ಚುತ್ತಾ ಹೋದರೆ ಅಲ್ಯೂಮಿನಿಯಂ ಹೆಡ್ ಅಲ್ಲೇ ಬಾಗುತ್ತದೆ.

ಹೆಡ್ ಎತ್ತಿದಾಗ ಎರಡನೇ ಮತ್ತು ಮೂರನೇ ಸಿಲಿಂಡರ್ ನಡುವೆ ಗ್ಯಾಸ್ಕೆಟ್ ಕಪ್ಪಾಗಿ ಒಂದು ಬೆರಳಿನಷ್ಟು ಅಗಲ ಸುಟ್ಟುಹೋಗಿತ್ತು. ಕಾಕಾ ಹೆಡ್ಡನ್ನು ತಲೆಕೆಳಗಾಗಿ ಮೇಜಿನ ಮೇಲಿಟ್ಟು, ಒರೆಸಿ, ಸ್ಟೀಲ್ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ನಿಲ್ಲಿಸಿದರು. ಹಿಂದುಗಡೆ ಟಾರ್ಚ್ ಹಿಡಿಯಲು ಹೇಳಿದರು. ನಡುವೆ ಬೆಳಕಿನ ತೆಳು ಗೆರೆ ಕಾಣಿಸಿತು. ಫೀಲರ್ ಗೇಜಿನ (ಸಂದು ಅಳೆಯುವ ತೆಳು ಸ್ಟೀಲ್ ಎಲೆಗಳ ಕಟ್ಟು) 0.05 ಮಿ.ಮೀ. ಎಲೆ ಸಲೀಸಾಗಿ ನುಗ್ಗಿತು. 0.10 ಕೂಡ ನುಗ್ಗಿತು. 0.15 ಬಿಗಿಯಾಗಿ ಹೋಯಿತು. ಸಾಮಾನ್ಯವಾಗಿ 0.05 ಮಿ.ಮೀ. ಒಳಗಿದ್ದರೆ ಒಳ್ಳೆಯದು, 0.10 ದಾಟಿದರೆ ಹೆಡ್ ಫೇಸಿಂಗ್ (ಮಷೀನ್‌ನಲ್ಲಿ ಮೇಲ್ಮೈ ಉಜ್ಜಿ ಸಮ ಮಾಡುವುದು) ಮಾಡಿಸಲೇಬೇಕು. "ಹೆಡ್ ಅಷ್ಟ ಬಾಗೇತಿ. ಬ್ಲಾಕ್ ಗಟ್ಟಿ ಐತ್ರಿ" ಅಂದರು. ಆ ಮಾತು ಕೇಳಿದಾಗ ನನಗೆ ಹೋದ ಜೀವ ಬಂದಂತಾಯಿತು.

ಫೇಸಿಂಗ್ ಮುಂಚೆ ಬಿರುಕು ಇದೆಯೇ ಅಂತ ಪ್ರೆಷರ್ ಟೆಸ್ಟ್ ಮಾಡಿಸಿ. ನೀರಿನ ದಾರಿಗಳನ್ನೆಲ್ಲ ಮುಚ್ಚಿ, ಒಳಗೆ ಗಾಳಿ ತುಂಬಿ, ಬಿಸಿ ನೀರಿನಲ್ಲಿ ಮುಳುಗಿಸುತ್ತಾರೆ. ಗುಳ್ಳೆ ಎದ್ದ ಕಡೆ ಬಿರುಕು. ಬಿಸಿ ನೀರೇ ಆಗಬೇಕು, ಕೆಲವು ಬಿರುಕು ಲೋಹ ಹಿಗ್ಗಿದ ಮೇಲೆಯೇ ಬಾಯಿ ಬಿಡುತ್ತವೆ. ಸಣ್ಣ ಬಿರುಕಿಗೆ ಆರ್ಗನ್ ವೆಲ್ಡಿಂಗ್ ನಡೆಯುತ್ತದೆ. ವಾಲ್ವ್ ಸೀಟಿನ ಒಳಗೆ ಓಡಿದ ಬಿರುಕಾದರೆ ಬೇರೆ ಹೆಡ್ ಹುಡುಕುವುದೇ ಒಳ್ಳೆಯದು. ಫೇಸಿಂಗ್‌ನಲ್ಲಿ ಹೆಡ್ ಸಮ ಆಗುವಷ್ಟೇ ತೆಗೆಸಿ. ಜಾಸ್ತಿ ತೆಗೆದರೆ ಕಂಪ್ರೆಷನ್ ಏರಿ ಇಂಜಿನ್ ಬಡಿಯುತ್ತದೆ, ಚೈನ್ ಟೈಮಿಂಗ್ ಕೂಡ ಕೊಂಚ ಹಿಂದೆ ಬೀಳುತ್ತದೆ.

ಆಮೇಲೆ ಬೋರ್, ಅಂದರೆ ಸಿಲಿಂಡರ್‌ನ ಒಳವ್ಯಾಸ. ಇಸುಜು 1.8ರ ಮೂಲ ಬೋರ್ 84 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 82. ಸಿಲಿಂಡರ್‌ನ ಮೇಲ್ತುದಿಯಲ್ಲಿ ರಿಂಗ್ ತಾಗದ ಜಾಗ ಸವೆಯದೆ ಒಂದು ಅಂಚು ಉಳಿದಿರುತ್ತದೆ. ಕಾಕಾ ಉಗುರನ್ನು ಕೆಳಗಿನಿಂದ ಮೇಲಕ್ಕೆ ಎಳೆದು ತೋರಿಸಿದರು. ಉಗುರು ಆ ಅಂಚಿಗೆ ಸಿಕ್ಕಿ ನಿಂತಿತು. ಆದರೆ ಉಗುರಿನ ಮೇಲೆ ನಂಬಿಕೆ ಇಟ್ಟು ಖರ್ಚು ಮಾಡಬೇಡಿ. ಬೋರ್ ಗೇಜ್ ಹಾಕಿ ಮೇಲೆ, ನಡುವೆ, ಕೆಳಗೆ, ಎರಡೂ ದಿಕ್ಕಿನಲ್ಲಿ ಅಳೆಸಿ. ಒಂದು ಸಿಲಿಂಡರ್‌ಗೆ ಆರು ಅಳತೆ. ಕಾಗದದ ಮೇಲೆ ಬರೆಸಿಕೊಳ್ಳಿ. ಮೇಲೆ ಕೆಳಗೆ 0.1 ಮಿ.ಮೀ. ಒಳಗೆ ವ್ಯತ್ಯಾಸ ಇದ್ದರೆ ಹೋನಿಂಗ್ (ಸಿಲಿಂಡರ್ ಗೋಡೆಯನ್ನು ಸಾಣೆಕಲ್ಲಿನಿಂದ ತೆಳುವಾಗಿ ಉಜ್ಜುವುದು) ಮಾಡಿ ಹೊಸ ರಿಂಗ್ ಹಾಕಿದರೆ ನಡೆಯುತ್ತದೆ. ನಮ್ಮದು 0.2 ಸವೆದಿತ್ತು, ಹಾಗಾಗಿ 0.50 ಮಿ.ಮೀ. ಓವರ್‌ಸೈಜ್‌ಗೆ, ಅಂದರೆ ಅಷ್ಟು ದೊಡ್ಡ ಪಿಸ್ಟನ್ ಕೂರುವಂತೆ, ಬೋರ್ ಮಾಡಿಸಿದೆವು. ಮಿಸ್ತ್ರಿಗಳು ಇದನ್ನೇ "20 ಥೌ" ಅನ್ನುತ್ತಾರೆ. ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ, 10 ಥೌ ಅಂದರೆ 0.25 ಮಿ.ಮೀ. ಸುಮಾರು.

ಕ್ರ್ಯಾಂಕ್ ಜರ್ನಲ್‌ಗಳನ್ನು (ಕ್ರ್ಯಾಂಕ್ ದಂಡದಲ್ಲಿ ಬೇರಿಂಗ್ ಕೂರುವ ಭಾಗಗಳು) ಮೈಕ್ರೋಮೀಟರ್‌ನಿಂದ ಅಳೆಸಿ. ಗೀರು ಬಿದ್ದಿದ್ದರೆ ಅಥವಾ ಅಂಡಾಕಾರ ಆಗಿದ್ದರೆ ಗ್ರೈಂಡಿಂಗ್ ಮಾಡಿಸಿ, ಅದಕ್ಕೆ ತಕ್ಕ ಅಂಡರ್‌ಸೈಜ್ ಬೇರಿಂಗ್ ಹಾಕಬೇಕು. ಈ ಎಲ್ಲ ಕೆಲಸಕ್ಕೂ ಬೆಳಗಾವಿ ಹೇಳಿ ಮಾಡಿಸಿದ ಊರು. ಉದ್ಯಮಬಾಗ್‌ನ ಫೌಂಡ್ರಿಗಳಲ್ಲಿ ಇಂಜಿನ್ ಬ್ಲಾಕ್‌ಗಳನ್ನೇ ಎರಕ ಹೊಯ್ಯುತ್ತಾರೆ. ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುವ ಕೈಗಳು ಇಲ್ಲೇ ಇರುವಾಗ ಮುಂಬೈ ದಾರಿ ಮೊದಲೇ ಯಾಕೆ ಹಿಡಿಯಬೇಕು?

ರಿಪೇರಿಯೋ, ಬದಲಿಯೋ?

ಅಳತೆಯ ಕಾಗದ ಕೈಯಲ್ಲಿದ್ದಾಗ ಈ ಪ್ರಶ್ನೆಗೆ ಉತ್ತರ ಸುಲಭ. ಬೋರ್ ಕೊನೆಯ ಓವರ್‌ಸೈಜ್, ಅಂದರೆ 1.00 ಮಿ.ಮೀ. ದಾಟಿದ್ದರೂ ಸ್ಲೀವ್ (ಸಿಲಿಂಡರ್ ಒಳಗೆ ಕೂರಿಸುವ ಹೊಸ ಕೊಳವೆ) ಹಾಕಿಸಿ ಮತ್ತೆ ಮೂಲ ಸೈಜಿಗೆ ತರಬಹುದು. ಹೊರಗಿನ ನೀರಿನ ಗೋಡೆಯಲ್ಲಿ ಬಿರುಕು ಬಿದ್ದ ಎರಕದ ಬ್ಲಾಕನ್ನು ಸ್ಟಿಚಿಂಗ್ ಮಾಡಿ (ಬಿರುಕಿನುದ್ದಕ್ಕೂ ಲೋಹದ ಪಿನ್ ಕೂರಿಸಿ ಹೊಲಿದಂತೆ ಸೇರಿಸಿ) ಉಳಿಸುವವರಿದ್ದಾರೆ. ರಾಡ್ ಮುರಿದು ಬ್ಲಾಕ್ ಒಡೆದು ಹೊರಗೆ ಬಂದಿದ್ದರೆ, ಮೇನ್ ಬೇರಿಂಗ್ ಕೂರುವ ಜಾಗವೇ ಬಿರುಕು ಬಿಟ್ಟಿದ್ದರೆ, ಆಗ ಬದಲಿ ಇಂಜಿನ್ ನೋಡಿ.

ನಾನು ರಿಪೇರಿ ಕಡೆ ವಾಲುವುದಕ್ಕೆ ಇನ್ನೊಂದು ಕಾರಣ ಇದೆ. ಆರ್‌ಸಿಯಲ್ಲಿರುವ ಇಂಜಿನ್ ನಂಬರ್ ಕೊರೆದಿರುವುದು ಬ್ಲಾಕ್ ಮೇಲೆ. ಹೆಡ್, ಪಿಸ್ಟನ್, ಕ್ರ್ಯಾಂಕ್ ಏನೇ ಬದಲಾದರೂ ಬ್ಲಾಕ್ ಅದೇ ಇದ್ದರೆ ನಂಬರ್ ಅದೇ. ಕಾಗದದ ಕೆಲಸವೇ ಇಲ್ಲ. ಬ್ಲಾಕ್ ಮಷೀನ್‌ಗೆ ಕೊಡುವಾಗ ಮಾತ್ರ ನಂಬರ್ ಇರುವ ಜಾಗ ತೋರಿಸಿ, ಗ್ರೈಂಡರ್ ಅಲ್ಲಿ ತಾಗದಂತೆ ಹೇಳಿ.

ಸಾಮಾನು: ಹೆಸರು ಬಿಡಿ, ಅಳತೆ ಹಿಡಿಯಿರಿ

ಜನ ಸೋಲುವುದು ಇಲ್ಲೇ. "ಕಾಂಟೆಸ್ಸಾ ಪಿಸ್ಟನ್ ಇದೆಯಾ?" ಅಂತ ಹತ್ತು ಅಂಗಡಿ ಸುತ್ತಿ, ಇಲ್ಲ ಅನ್ನಿಸಿಕೊಂಡು, ಗಾಡಿ ಗುಜರಿಗೆ ಹಾಕುತ್ತಾರೆ. ಪಿಸ್ಟನ್‌ಗೆ ನಾಲ್ಕು ಅಳತೆ ಮುಖ್ಯ: ವ್ಯಾಸ, ಪಿನ್ನಿನ ದಪ್ಪ, ಪಿನ್ನಿನ ನಡುವಿನಿಂದ ಪಿಸ್ಟನ್ ತಲೆಯ ತನಕ ಎತ್ತರ, ರಿಂಗ್ ಕೂರುವ ತೋಡುಗಳ ಅಗಲ. ತಲೆಯ ಆಕಾರವನ್ನೂ ಫೋಟೋ ತೆಗೆದಿಟ್ಟುಕೊಳ್ಳಿ. ಈ ಚೀಟಿ ಮತ್ತು ಹಳೇ ಪಿಸ್ಟನ್ ಹಿಡಿದು ಹೋದರೆ ಕೌಂಟರ್ ಹಿಂದಿನ ಹಿರಿಯರು ಕ್ಯಾಟಲಾಗ್ ತೆಗೆಯುತ್ತಾರೆ. ಬೆಳಗಾವಿಯಲ್ಲಿ ಸಿಗದ್ದು ಕೊಲ್ಹಾಪುರದಲ್ಲಿ, ಅಲ್ಲೂ ಇಲ್ಲದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಮುಂಬೈನ ಕುರ್ಲಾದಲ್ಲೋ ಸಿಗುತ್ತದೆ.

ಆಯಿಲ್ ಸೀಲ್ ಇನ್ನೂ ಸುಲಭ. ಅದರ ಮೇಲೆಯೇ ಒಳವ್ಯಾಸ, ಹೊರವ್ಯಾಸ, ದಪ್ಪ ಅಂತ ಮೂರು ಅಂಕಿ ಇರುತ್ತವೆ. ಆ ಅಂಕಿಯ ಸೀಲ್ ಯಾವ ಗಾಡಿಯದಾದರೂ ಕೂರುತ್ತದೆ, ತುಟಿಯ ದಿಕ್ಕು ಮಾತ್ರ ನೋಡಿ. ವಾಟರ್ ಪಂಪ್ ಹೊಸದು ಸಿಗದಿದ್ದರೆ ಹಳೆಯದರ ಬೇರಿಂಗ್ ಮತ್ತು ಸೀಲ್ ಬದಲಿಸಿ ಲೇತ್‌ನವರು ಕಟ್ಟಿಕೊಡುತ್ತಾರೆ.

ಒಂದು ಎಚ್ಚರಿಕೆ: ಪಿಸ್ಟನ್ ಕೈಗೆ ಬರುವ ತನಕ ಬೋರ್ ಮಾಡಿಸಬೇಡಿ. ಪಿಸ್ಟನ್ ಅಳೆದು, ಅದಕ್ಕೆ ಬೇಕಾದ ಸಂದು ಬಿಟ್ಟು ಬೋರ್ ಮಾಡಬೇಕು. ಮೊದಲೇ ಬೋರ್ ಮಾಡಿಸಿ ಆ ಸೈಜಿನ ಪಿಸ್ಟನ್ ಸಿಗದೆ ಒಬ್ಬ ಗೆಳೆಯ ಮೂರು ತಿಂಗಳು ಕಾದ.

ಜೋಡಿಸುವುದು

ಬ್ಲಾಕ್ ಮಷೀನ್‌ನಿಂದ ಬಂದ ಕೂಡಲೇ ಬಿಸಿ ಸೋಪಿನ ನೀರಿನಲ್ಲಿ ತೊಳೆಯಿರಿ. ಬರೀ ಪೆಟ್ರೋಲ್‌ನಲ್ಲಿ ಒರೆಸಿದರೆ ಹೋನಿಂಗ್ ಪುಡಿ ಹೋಗುವುದಿಲ್ಲ. ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆ ಬೆಳ್ಳಗೇ ಉಳಿಯುವ ತನಕ ತೊಳೆದು, ಕೂಡಲೇ ಆಯಿಲ್ ಹಚ್ಚಿ. ಆಯಿಲ್ ದಾರಿಗಳಿಗೆ ಬ್ರಷ್ ಹಾಕಿ ಗಾಳಿ ಹೊಡೆಸಿ.

ರಿಂಗನ್ನು ಪಿಸ್ಟನ್‌ಗೆ ಹಾಕುವ ಮುಂಚೆ ಸಿಲಿಂಡರ್ ಒಳಗೆ ತಳ್ಳಿ ಬಾಯಿಯ ಸಂದು ಅಳೆಯಿರಿ. 84 ಮಿ.ಮೀ. ಬೋರ್‌ಗೆ 0.3 ಮಿ.ಮೀ. ಆಸುಪಾಸು ಇರಲಿ. ರಿಂಗ್‌ಗಳ ಬಾಯಿ ಒಂದರ ಮೇಲೊಂದು ಬರದಂತೆ ಸುತ್ತ ಹಂಚಿ ಕೂರಿಸಿ. ಬೇರಿಂಗ್ ಕ್ಯಾಪ್‌ಗಳ ಮೇಲಿನ ನಂಬರ್ ಮತ್ತು ದಿಕ್ಕು ತಪ್ಪಬಾರದು. ಒಂದೊಂದು ಕ್ಯಾಪ್ ಬಿಗಿ ಮಾಡಿದ ಮೇಲೂ ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿ ನೋಡಿ. ಬಿಗಿಯಾದರೆ ಅಲ್ಲೇ ನಿಲ್ಲಿಸಿ ಕಾರಣ ಹುಡುಕಿ.

ಹೆಡ್ ಬೋಲ್ಟ್‌ಗೆ ಟಾರ್ಕ್ ರೆಂಚ್ ಬೇಕೇ ಬೇಕು, ಕೈ ಅಂದಾಜು ನಡೆಯುವುದಿಲ್ಲ. ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ, ಆ ಇಂಜಿನ್ನಿನ ಮ್ಯಾನುಯಲ್ ಹೇಳಿದ ಅಳತೆಗೆ. ಟೈಮಿಂಗ್ ಗುರುತುಗಳನ್ನು ಹೊಂದಿಸಿದ ಮೇಲೆ ಕ್ರ್ಯಾಂಕ್ ಎರಡು ಪೂರ್ತಿ ಸುತ್ತು ಕೈಯಲ್ಲೇ ತಿರುಗಿಸಿ. ಗುರುತು ಮತ್ತೆ ಅದೇ ಜಾಗಕ್ಕೆ ಬರಬೇಕು. ಇಂಜಿನ್ ಹೊರಗಿರುವಾಗಲೇ ಕ್ಲಚ್ ಪ್ಲೇಟ್, ಹಿಂದಿನ ಮೇನ್ ಸೀಲ್, ಬ್ಲಾಕ್‌ನ ವೆಲ್ಶ್ ಪ್ಲಗ್ (ನೀರಿನ ದಾರಿಯ ತೂತು ಮುಚ್ಚುವ ಬಿಲ್ಲೆ) ಬದಲಿಸಿಬಿಡಿ.

ಕೆಟ್ಟಿದ್ದು ಯಾಕೆ?

ಇದಕ್ಕೆ ಉತ್ತರ ಸಿಗದೆ ಹೊಸ ಇಂಜಿನ್ ಕೂರಿಸಿದರೆ ಅದೂ ಅದೇ ಗತಿ ಕಾಣುತ್ತದೆ. ನಮ್ಮ ರೇಡಿಯೇಟರ್ ಬಿಚ್ಚಿಸಿದಾಗ ಕೆಳಗಿನ ನಾಳಗಳು ಸುಣ್ಣ ಕಟ್ಟಿ ಮುಚ್ಚಿಹೋಗಿದ್ದವು. ವರ್ಷಗಟ್ಟಲೆ ಮನೆಯ ಬೋರ್‌ವೆಲ್ ನೀರನ್ನೇ ನಾನು ತುಂಬಿಸಿದ್ದೆ. ತಪ್ಪು ನನ್ನದೇ. ಈಗ ಡಿಸ್ಟಿಲ್ಡ್ ನೀರು ಮತ್ತು ಕೂಲೆಂಟ್ ಬಿಟ್ಟು ಬೇರೆ ಏನನ್ನೂ ಹಾಕುವುದಿಲ್ಲ.

ಇನ್ನೊಂದು, ಥರ್ಮೋಸ್ಟಾಟ್, ಅಂದರೆ ಇಂಜಿನ್ ಬಿಸಿಯಾದ ಮೇಲೆ ರೇಡಿಯೇಟರ್‌ಗೆ ನೀರು ಬಿಡುವ ವಾಲ್ವ್. ಸೆಕೆಯ ಊರು ಅಂತ ನಮ್ಮ ಕಡೆ, ವಿಜಯಪುರ, ಬಾಗಲಕೋಟೆ ಕಡೆ ಇನ್ನೂ ಜಾಸ್ತಿ, ಅದನ್ನು ಕಿತ್ತು ಬಿಸಾಡುತ್ತಾರೆ. ಹಾಗೆ ಮಾಡಬೇಡಿ. ಅದಿಲ್ಲದಿದ್ದರೆ ಇಂಜಿನ್ ಬೇಗ ಬಿಸಿಗೆ ಬರುವುದಿಲ್ಲ, ತಣ್ಣಗೆ ಓಡಿ ಪೆಟ್ರೋಲ್ ಕುಡಿಯುತ್ತದೆ, ಬೋರ್ ಬೇಗ ಸವೆಯುತ್ತದೆ. ಹೊಸದನ್ನು ಪಾತ್ರೆಯ ಬಿಸಿ ನೀರಿನಲ್ಲಿ ಇಟ್ಟು ತೆರೆಯುತ್ತದೆಯೇ ನೋಡಿ ಹಾಕಿ.

ಪೆಟ್ರೋಲ್ ಪೈಪ್‌ಗಳನ್ನೂ ಪೂರ್ತಿ ಬದಲಿಸಿ. ಈಗಿನ ಪೆಟ್ರೋಲ್‌ನಲ್ಲಿ ನೂರಕ್ಕೆ 20ರ ತನಕ ಎಥನಾಲ್ ಇರುತ್ತದೆ, ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಲ್ಲೇ ತಯಾರಾಗುತ್ತದೆ ಅದು. ಹಳೇ ರಬ್ಬರ್ ಅದನ್ನು ತಡೆಯುವುದಿಲ್ಲ. ಮೆತ್ತಗಾಗಿ ಬಿರಿಯುತ್ತದೆ, ಬಿಸಿ ಇಂಜಿನ್ ಮೇಲೆ ಸೋರುತ್ತದೆ.

ಬೇರೆ ಇಂಜಿನ್ ಹಾಕಲೇಬೇಕಾದರೆ

ಅದೇ ಕಂಪನಿಯ ಅದೇ ಮಾಡೆಲ್ ಇಂಜಿನ್ ಹುಡುಕಿ. ಅಂಬಾಸಿಡರ್‌ನಿಂದ ಬಂದ ಇಸುಜು ಆದರೆ ಸಂಪ್ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ), ಮೌಂಟ್ ಬ್ರಾಕೆಟ್, ಫ್ಲೈವೀಲ್, ಕ್ಲಚ್‌ನ ಹಲ್ಲು ನಿಮ್ಮದರ ಪಕ್ಕದಲ್ಲಿಟ್ಟು ಹೋಲಿಸಿ. ಕೊಳ್ಳುವ ಮುಂಚೆ ಪ್ಲಗ್ ಬಿಚ್ಚಿ ಕೈಯಲ್ಲಿ ತಿರುಗಿಸಿ, ಸಂಪ್ ತೆಗೆಸಿ ಒಂದು ಬೇರಿಂಗ್ ನೋಡಿ, ಸಾಧ್ಯವಾದರೆ ಅಲ್ಲೇ ಕಂಪ್ರೆಷನ್ ಹಿಡಿಯಿರಿ. ಇಂಜಿನ್ ನಂಬರ್ ಬರೆದ ಬಿಲ್ ಮತ್ತು ಅದು ಬಂದ ಗಾಡಿಯ ಆರ್‌ಸಿ ಜೆರಾಕ್ಸ್ ಕೊಡದವರ ಹತ್ತಿರ ಕೊಳ್ಳಲೇಬೇಡಿ. ನಂಬರ್ ಉಜ್ಜಿದ ಇಂಜಿನ್ ಎಷ್ಟೇ ಸೋವಿ ಇರಲಿ, ಕಳವಿನ ಮಾಲಾಗಿದ್ದರೆ ಪೊಲೀಸರು ನಿಮ್ಮ ಬಾಗಿಲಿಗೆ ಬರುತ್ತಾರೆ.

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ ಇಂಜಿನ್ ಬದಲಿಸೋಕೆ ಆರ್‌ಟಿಒ ಅನುಮತಿ ಬೇಕು. ನಿಮ್ಮ ಗಾಡಿ ಕೆಎ-22 ಆದರೆ ಬೆಳಗಾವಿ, ಕೆಎ-23 ಆದರೆ ಚಿಕ್ಕೋಡಿ, ಕೆಎ-28 ವಿಜಯಪುರ, ಕೆಎ-29 ಬಾಗಲಕೋಟೆ ಕಚೇರಿ. ಕೆಲಸಕ್ಕೆ ಮುಂಚೆಯೇ ಅರ್ಜಿ ಹಾಕಿ, ಆರ್‌ಸಿ, ವಿಮೆ, ಬಿಲ್ ಜೋಡಿಸಿ. ಇಂಜಿನ್ ಕೂರಿಸಿದ ಮೇಲೆ ಇನ್‌ಸ್ಪೆಕ್ಟರ್‌ಗೆ ಗಾಡಿ ತೋರಿಸಿ ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಿಕೊಳ್ಳಿ. ವಿಮೆ ಕಂಪನಿಗೂ ಆ ನಂಬರ್ ಕೊಡಿ. 15 ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಣಕ್ಕೆ ಹೋದಾಗ ನಂಬರ್ ತಾಳೆ ಆಗದಿದ್ದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಪೆಟ್ರೋಲ್ ತೆಗೆದು ಯಾವುದೋ ಜೀಪಿನ ಡೀಸೆಲ್ ಕೂರಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಮೊದಲ ಸ್ಟಾರ್ಟ್, ಮೊದಲ ಸಾವಿರ ಕಿಲೋಮೀಟರ್

ಪ್ಲಗ್ ಹಾಕದೆ ಸೆಲ್ಫ್ ಹೊಡೆದು ಆಯಿಲ್ ಪ್ರೆಷರ್ ಬರಿಸಿ. ಲೈಟ್ ಆರಿದ ಮೇಲೆಯೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಒಬ್ಬರು ಸೋರಿಕೆ ನೋಡುತ್ತಿರಲಿ, ಇನ್ನೊಬ್ಬರು ಟೆಂಪರೇಚರ್ ಮುಳ್ಳಿನಿಂದ ಕಣ್ಣು ತೆಗೆಯದಿರಲಿ. ತಣ್ಣಗಾದ ಮೇಲೆ ನೀರು ಕಡಿಮೆಯಾಗಿದ್ದರೆ ತುಂಬಿಸಿ. ಒಳಗಿನ ಗಾಳಿ ಹೊರಬಿದ್ದಾಗ ಮಟ್ಟ ಇಳಿಯುವುದು ಸಹಜ.

ಸಾವಿರ ಕಿಲೋಮೀಟರ್ ತನಕ ಜಾಸ್ತಿ ಎಳೆಸಬೇಡಿ, ಒಂದೇ ವೇಗದಲ್ಲೂ ಓಡಿಸಬೇಡಿ. ನಾನು ದಿನಾ ಬೆಳಿಗ್ಗೆ ಕಿತ್ತೂರಿನ ತನಕ ಹೋಗಿ ಬರುತ್ತಿದ್ದೆ, ವೇಗ ಏರಿಸುತ್ತಾ ಇಳಿಸುತ್ತಾ. 500 ಕಿಲೋಮೀಟರ್‌ಗೆ ಮೊದಲ ಆಯಿಲ್ ತೆಗೆದು ಬಿಳಿ ಬಟ್ಟೆಯಲ್ಲಿ ಸೋಸಿ. ನುಣ್ಣನೆಯ ಬೂದು ಪುಡಿ ಒಂದಿಷ್ಟು ಕಂಡರೆ ಹೆದರಬೇಡಿ, ರಿಂಗ್ ಕೂರುವಾಗ ಬರುವಂಥದ್ದು ಅದು. ಹೊಳೆಯುವ ಚೂರು ಬೆರಳಿಗೆ ಚುಚ್ಚುವಷ್ಟಿದ್ದರೆ ಗಾಡಿ ಅಲ್ಲೇ ನಿಲ್ಲಿಸಿ, ಸಂಪ್ ಬಿಚ್ಚಿಸಿ ಬೇರಿಂಗ್ ನೋಡಿಸಿ.